ಏಕಾದಶಿಯ ಮೀನು

ಬಾಳಾಸಾಬ ಯಾರು ಅಂತ ಊರಿನಲ್ಲಿ ಯಾರನ್ನು ಕೇಳಿದರೂ ಮೊದಲು ಅವನ ಕೊರಳಿನ ಮಾತೇ ಬರುತ್ತಿತ್ತು. ಕೊರಳಲ್ಲಿ ತುಳಸಿಮಣಿಯ ಸರ. ಈ ಗಡಿಸೀಮೆಯಲ್ಲಿ ಅದಕ್ಕೆ ಮಾಳ ಅನ್ನುತ್ತಾರೆ, ಹಾಕಿಕೊಂಡವನಿಗೆ ಮಾಳಕರಿ. ಪಂಢರಪುರಕ್ಕೆ ಹೋಗಿ ವಿಠ್ಠಲನ ಮುಂದೆ ನಿಂತು, ಇನ್ನು ಮೇಲೆ ಮಾಂಸ ಮೀನು ಮುಟ್ಟುವುದಿಲ್ಲ, ಸೆರೆ ಕುಡಿಯುವುದಿಲ್ಲ, ತಿಂಗಳಿಗೆ ಎರಡು ಏಕಾದಶಿಯ ಉಪವಾಸ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟು ಹಾಕಿಕೊಳ್ಳುವ ಸರ ಅದು. ಒಮ್ಮೆ ಕೊರಳಿಗೆ ಬಿದ್ದರೆ ಹೆಣದ ಜೊತೆಗೇ ಹೋಗಬೇಕು. ಬಾಳಾಸಾಬ ಅದನ್ನು ತಾನಾಗಿ ಹಾಕಿಕೊಂಡವನಲ್ಲ, ಹಾಕಿಸಿಕೊಂಡವನು. ಹಾಕಿದವಳು ಅವನ ತಾಯಿ ತುಳಸವ್ವ.

ಅವನ ಮನೆ ಉಗಾರ ಖುರ್ದದಿಂದ ಸೈಕಲ್ಲಿನ ಮೇಲೆ ಅರ್ಧ ತಾಸಿನ ದಾರಿ, ಕೃಷ್ಣೆಯ ದಂಡೆಗೆ. ಎರಡು ಎಕರೆ ಕಬ್ಬು ಇತ್ತು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಗಳನ್ನು ಸಾಲಿಗೆ ಹಚ್ಚುವ ಕೆಲಸ. ಎತ್ತುಗಳ ಜೊತೆ ಎಷ್ಟು ಬೇಕಾದರೂ ಮಾತಾಡುತ್ತಿದ್ದ, ಮನುಷ್ಯರ ಎದುರು ಬಾಯಿ ಕಟ್ಟುತ್ತಿತ್ತು. ಕೊಸರಾಡುವ ಎತ್ತನ್ನು ಹೆಗಲು ಕೊಟ್ಟು ನಿಲ್ಲಿಸುವಷ್ಟು ಮೈಯಲ್ಲಿ ಕಸುವು, ತಾಯಿ ದನಿ ಎತ್ತರಿಸಿದರೆ ಮಾತ್ರ ಬೆಕ್ಕಿನ ಮರಿ.

ನದಿಯ ದಂಡೆಗೆ ಹುಟ್ಟಿದವನಿಗೆ ಮೀನಿನ ರುಚಿ ಯಾರು ಕಲಿಸಬೇಕು? ಅವರದು ಒಕ್ಕಲುತನದ ಮನೆ, ಮೊದಲು ಎಲ್ಲ ತಿನ್ನುತ್ತಿದ್ದವರೇ. ಬಾಳಾಸಾಬನೂ ಅಂಬಿಗರ ಹಾಲಸಿದ್ದನೂ ಒಂದೇ ವರ್ಷ ಹುಟ್ಟಿದವರು, ಒಂದೇ ಮಡುವಿನಲ್ಲಿ ಈಜು ಕಲಿತವರು. ದೊಡ್ಡವರಾದ ಮೇಲೆ ಹಾಲಸಿದ್ದ ಅಪ್ಪನ ದೋಣಿ ಹಿಡಿದ. ಈ ದಂಡೆಯಿಂದ ಆಚೆ ರಾಯಬಾಗ ಸೀಮೆಗೆ ಮಂದಿಯನ್ನು ದಾಟಿಸುವುದು, ನಡುವೆ ಬಲೆ ಹಾಕುವುದು. ಬಿದ್ದ ಮೀನಿನಲ್ಲಿ ಒಳ್ಳೆಯದೊಂದು ಬಾಳಾಸಾಬನ ಪಾಲಿಗೆ ಇದ್ದೇ ಇರುತ್ತಿತ್ತು. ಹಾಲಸಿದ್ದನ ಹೆಂಡತಿ ಲಕ್ಕವ್ವ ಹುಣಸೆಹುಳಿ ಕಿವುಚಿ, ಕೆಂಪುಖಾರ ಹಾಕಿ ಮಾಡುವ ಸಾರಿಗೆ ಅವನು ಊರು ಬಿಟ್ಟು ಓಡಿ ಬರುವಂತಿದ್ದ. ಅವಳು ಅವನನ್ನು ಅಣ್ಣಾ ಅನ್ನುತ್ತಿದ್ದಳು. ಅವನು ಹಬ್ಬಕ್ಕೊಂದು ಕುಪ್ಪಸದ ಬಟ್ಟೆ ಕೊಡುತ್ತಿದ್ದ.

ಮದುವೆಯಾಗಿ ಐದು ವರ್ಷವಾದರೂ ಬಾಳಾಸಾಬನ ಹೆಂಡತಿ ಸುಗಂಧಾಳಿಗೆ ಮಕ್ಕಳಾಗಲಿಲ್ಲ. ತುಳಸವ್ವ ದೇವರುಗಳ ಬಾಗಿಲು ಬಡಿದು ಬಡಿದು ಕೊನೆಗೆ ಎಂಬತ್ತನಾಲ್ಕರ ಆಷಾಢದಲ್ಲಿ ಮಗನನ್ನು ಪಂಢರಪುರಕ್ಕೆ ನಡೆಸಿಕೊಂಡು ಹೋದಳು. "ಇಂವ ಇವತ್ತಿನಿಂದ ನಿನ್ನಾಂವ. ಇವನ ಹೊಟ್ಟಿಲೆ ಒಂದು ಕೂಸು ಕೊಡು. ಇಂವ ಮಾಳ ಕೆಡಿಸಿದ್ರ ಕೊಟ್ಟದ್ದ ತಿರಗಿ ತಗೊ" ಎಂದು ದೇವರ ಮುಂದೆ ಗಟ್ಟಿಯಾಗಿಯೇ ಹೇಳಿದಳು. ಬಾಳಾಸಾಬ ತಿರುಗಿ ತಾಯಿಯ ಮುಖ ನೋಡಿದ. ಹರಕೆ ಹೊರುವಾಗ ಯಾರಾದರೂ ಹೀಗೆ ಹೊರುತ್ತಾರೆಯೇ? ಆದರೆ ತುಳಸವ್ವನ ವ್ಯವಹಾರವೇ ಹಾಗೆ, ದೇವರ ಜೊತೆಗೂ ಎಮ್ಮೆ ಸಂತೆಯಲ್ಲಿ ಮಾತಾಡಿದ ಹಾಗೆ ಮಾತಾಡುವವಳು. ನಾಲ್ಕು ವರ್ಷಕ್ಕೆ ಮಂಗಲ ಹುಟ್ಟಿದಳು. ಊರಿಗೆ ಊರೇ ಮಾಳದ ಮಹಿಮೆ ಅಂದಿತು.

ಮಗಳು ಹುಟ್ಟಿ ಒಂದು ವರ್ಷವಾದ ಮೇಲೆ, ಒಂದು ಬೇಸಿಗೆ ಮಧ್ಯಾಹ್ನ, ಹಾಲಸಿದ್ದನ ಗುಡಿಸಲಿನ ಮುಂದೆ ಹಾದು ಹೋಗುವಾಗ ಬಾಳಾಸಾಬನ ಕಾಲು ನಿಂತುಬಿಟ್ಟಿತು. ಒಳಗೆ ಸಾರು ಕುದಿಯುತ್ತಿತ್ತು. ಐದು ವರ್ಷದ ಆಸೆ. ನಿಂತಲ್ಲೇ ಒಂದು ಲೆಕ್ಕ ಹಾಕಿದ. ಮಾತು ಕೊಟ್ಟದ್ದು ಮಾಳ ಹಾಕಿಕೊಂಡ ಕೊರಳು. ಮಾಳ ತೆಗೆದು ಮೊಳೆಗೆ ತೂಗುಹಾಕಿದರೆ ಅಷ್ಟು ಹೊತ್ತು ಅದು ಬರೇ ಕೊರಳು, ಹಾಲಸಿದ್ದನ ಕೊರಳಿನ ಹಾಗೆ. ಉಂಡು, ನದಿಯಲ್ಲಿ ಮುಳುಗಿ, ಬಾಯಿ ಮುಕ್ಕಳಿಸಿ, ತಿರುಗಿ ಹಾಕಿಕೊಂಡರೆ ಮಾಳಕ್ಕೆ ಮೀನಿನ ಗುರುತೇ ಇಲ್ಲ. ಹೇಳುವವರು ಯಾರೂ ಇಲ್ಲದಿದ್ದರೆ ಕೆಟ್ಟದ್ದೂ ಇಲ್ಲ. ಕಾರ್ಖಾನೆಯ ವಕೀಲನಿಗೂ ಹೊಳೆಯದ ವಾದ ಇದು, ಮೀನಿನ ವಾಸನೆ ಹೊಳೆಯಿಸಿತು. ಹಾಲಸಿದ್ದ ಬಿದ್ದು ಬಿದ್ದು ನಕ್ಕ. ಅವನಿಗೆ ನಗುವುದಕ್ಕೆ ಅಡ್ಡಿ ಏನು, ಅವನ ಕೊರಳಿನಲ್ಲಿ ಏನೂ ಇರಲಿಲ್ಲ. ಆಮೇಲೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಹೀಗೆ ನಡೆಯಿತು. ಹಾಲಸಿದ್ದನೂ ಲಕ್ಕವ್ವನೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ತೊಂಬತ್ತಮೂರರ ಬೇಸಿಗೆ. ಹಂಗಾಮು ಮುಗಿದಿತ್ತು, ನದಿ ಇಳಿದು ಅಲ್ಲಲ್ಲಿ ಮಡುಗಳು ಉಳಿದಿದ್ದವು. ಮಂಗಳವಾರ, ಅವತ್ತೇ ಏಕಾದಶಿ. ತುಳಸವ್ವ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮುಂಜಾನೆಯೇ ವಿಠ್ಠಲನ ಗುಡಿಯ ಭಜನೆಗೆ ಹೋದಳು. ಬರುವುದು ಸಂಜೆಗೆ. ಮನೆಯಲ್ಲಿ ಒಲೆ ಹತ್ತುವ ಮಾತಿಲ್ಲ, ಒಂದು ಬಟ್ಟಲು ಹುರಿದ ಶೇಂಗಾ ಮುಚ್ಚಿಟ್ಟು ಹೋಗಿದ್ದರು. ಹಾಲಸಿದ್ದ ಹಿತ್ತಲ ಬೇಲಿಯ ಹತ್ತಿರ ಬಂದು ಮೆಲ್ಲಗೆ ಕರೆದ.

"ಬಾಳಾ, ಗಪ್ಪನ ಬಾ. ಮಡುವಿನ್ಯಾಗ ಕಟ್ಲಾ ಮೀನ ಬಿದ್ದೈತಿ. ನನ್ನ ತೊಡಿಯಷ್ಟ ಐತಿ."

"ಇವತ್ತ ಏಕಾದಶಿ ಐತೋ ಮಾರಾಯಾ."

"ಮೊಳಿಗೆ ಏಕಾದಶಿ ಎಲ್ಲಿ ಐತಿ? ಬಾರಲೇ."

ಏಕಾದಶಿಯ ದಿನ ಇದೇ ಮೊದಲು. ಬಾಳಾಸಾಬನಿಗೆ ಅಳುಕಿತ್ತು. ಆದರೆ ಖಾಲಿ ಹೊಟ್ಟೆಗೆ ಅಳುಕು ಎಷ್ಟು ಹೊತ್ತು ತಾಳೀತು? ಹೋದ.

ಅವತ್ತು ಆ ಗುಡಿಸಲಿನಲ್ಲಿ ಮೀನು ತಿಂದವನು ಅವನೊಬ್ಬನೇ. ಹಾಲಸಿದ್ದನಿಗೆ ಕಾಮಾಲೆ ಹಿಡಿದು, ಏಕಸಂಬಿಯ ಕಡೆಯ ಒಬ್ಬ ಮುದುಕ ಬೇರು ಅರೆದು ಕುಡಿಸಿ ಇಪ್ಪತ್ತೊಂದು ದಿನದ ಪಥ್ಯ ಹೇಳಿದ್ದ. ಎಣ್ಣೆ ಇಲ್ಲ, ಖಾರ ಇಲ್ಲ, ಮೀನಂತೂ ಇಲ್ಲವೇ ಇಲ್ಲ. ಲಕ್ಕವ್ವನಿಗೆ ಮಂಗಳವಾರ ಯಲ್ಲಮ್ಮನ ವಾರ, ಅವತ್ತು ಮೀನು ಅಡುಗೆ ಮಾಡುತ್ತಿದ್ದಳೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ. ಮಕ್ಕಳು ಅಜ್ಜಿಯ ಊರಿಗೆ ಹೋಗಿದ್ದವು. ಹೀಗೆ ಮೂವರಿಗೂ ಬೇಡ ಅನ್ನುವ ದಿನ, ಬೇಡ ಅನ್ನದವನು ಮಾಳಕರಿ ಒಬ್ಬನೇ. ಹಾಲಸಿದ್ದ ಮಜ್ಜಿಗೆ ಅನ್ನ ಕಲಸುತ್ತ ಗೆಳೆಯ ಉಣ್ಣುವುದನ್ನು ನೋಡಿ ನಗುತ್ತಿದ್ದ.

"ಅಣ್ಣಾ, ಹೊಟ್ಟಿ ತುಂಬ ಉಣ್ಣು" ಅಂದಳು ಲಕ್ಕವ್ವ. "ನಂದು ನಾಳಿಗೆ. ತೆಲಿ, ಹೊಟ್ಟಿ ತುಂಡು ನನಗಂತ ಗಡಿಗ್ಯಾಗ ತೆಗದಿಟ್ಟೀನಿ. ಮೀನಿನ ಸಾರು ಮರುದಿನಾನ ರುಚಿ. ನಾಳಿ ಮಧ್ಯಾಹ್ನ ಕುದಿಸಿ ಕುಂಡ್ರತೀನಿ."

ಬಾಳಾಸಾಬ ಮೂರು ತುಂಡು ತಿಂದ. ಸಾರು ಎರಡು ಸಲ ಹಾಕಿಸಿಕೊಂಡ. ನದಿಯಲ್ಲಿ ಮುಳುಗೆದ್ದು, ಮಾಳ ಹಾಕಿಕೊಂಡು ಮನೆಗೆ ಬಂದು ಶೇಂಗಾದ ಬಟ್ಟಲನ್ನು ಖಾಲಿ ಮಾಡಿ ದನದ ಮುಂದೆ ಸುರಿದ. ಸಂಜೆ ಬಂದ ತುಳಸವ್ವ ಮಗನ ಮುಖ ನೋಡಿ, ಉಪವಾಸಕ್ಕೆ ಸೊರಗಿದಾನ ಅಂತ ಮರುಗಿದಳು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಬಾಳಾಸಾಬ ಏಳಲು ಹೋದ, ಆಗಲಿಲ್ಲ. ಮೊದಲು ಕುತ್ತಿಗೆ, ಆಮೇಲೆ ಹೆಗಲು, ಆಮೇಲೆ ಸೊಂಟ, ತೊಡೆ, ಮೀನಖಂಡ. ಯಾರೋ ಒನಕೆಯಿಂದ ಜಜ್ಜಿ ಹೋದ ಹಾಗೆ ನೋವು. ಸುಗಂಧಾ ಮುಟ್ಟಿದರೆ ಕೂಗಿದ. ತೊಡೆ ಕಟ್ಟಿಗೆಯಾಗಿತ್ತು. ಅತ್ತೆ ಸೊಸೆ ಇಬ್ಬರೂ ಹಿಡಿದು ಹಿತ್ತಲಿಗೆ ಕರೆದೊಯ್ದಾಗ ಅವನ ಮೂತ್ರ ಹಾಲು ಹಾಕದ ಚಹಾದ ಹಾಗೆ ಕಪ್ಪಾಗಿ ಹೋಯಿತು. ತುಳಸವ್ವ ಎದೆ ಬಡಿದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ನೋವಿನ ಕೆಳಗೆ ಇನ್ನೊಂದು ಬಂತು, ಜುಮು ಜುಮು ಅನ್ನುತ್ತ ಬೆರಳುಗಳು, ಪಾದ, ತುಟಿ ಎಲ್ಲ ಮರಗಟ್ಟಿದವು. ತನ್ನ ಕಾಲುಗಳನ್ನು ನೋಡಿದರೆ ಅವು ಯಾರದೋ ಕಾಲು, ತನ್ನ ಹಾಸಿಗೆಯ ಮೇಲೆ ಇಟ್ಟು ಹೋಗಿದ್ದಾರೆ ಅನ್ನಿಸಿತು. ಟೆಂಪೋ ಮಾಡಿಕೊಂಡು ಮೂವರೂ, ಸುಗಂಧಾಳ ಕಂಕುಳಿನ ಮಂಗಲಳೂ ಸೇರಿ, ಕಾಗವಾಡಕ್ಕೆ ಹೋದರು.

ಅಲ್ಲಿ ಒಂದು ಖಾಸಗಿ ದವಾಖಾನೆ ಇತ್ತು, ನಾಲ್ಕು ಹಾಸಿಗೆಯದು. ಡಾಕ್ಟರರು ವಯಸ್ಸಾದವರು, ಎಲ್ಲೆಲ್ಲೋ ಕೆಲಸ ಮಾಡಿ ನಿವೃತ್ತರಾಗಿ ತಮ್ಮೂರಿಗೆ ಬಂದು ಕೂತವರು, ಪುಸ್ತಕ ಓದುವ ಚಟ ಇದ್ದವರು. ಸಲಾಯಿನ್ ಹಚ್ಚಿದರು. ಮೂತ್ರವನ್ನು ಬಾಟಲಿಯಲ್ಲಿ ಹಿಡಿಸಿ ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ತೊಡೆ ಒತ್ತಿದರು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ.

"ನಿನ್ನೆ ಏನ ಭಾಳ ಭಾರ ಹೊತ್ತಿದ್ದೇನಪಾ? ಬಿದ್ದಿದ್ದೇನು?"

"ಇಲ್ರಿ."

"ಏನ ಉಂಡಿದ್ದಿ?"

ತುಳಸವ್ವ ಮುಂದೆ ಬಂದಳು. "ಉಣ್ಣೂದ ಎಲ್ಲೀದ್ರಿ? ನಿನ್ನೆ ಏಕಾದಶಿ. ಒಂದು ಬಟ್ಟಲ ಶೇಂಗಾ ಬಿಟ್ಟು ನನ್ನ ಮಗ ಏನೂ ಮುಟ್ಟಿಲ್ಲ."

"ಮೀನಾ?" ಅಂದರು ಡಾಕ್ಟರರು, ಬಾಳಾಸಾಬನ ಕಡೆಗೇ ನೋಡುತ್ತ. "ನದೀ ಮೀನ ಏನರ ತಿಂದೀಯೇನು?"

ತುಳಸವ್ವನಿಗೆ ಸಿಟ್ಟು ನೆತ್ತಿಗೇರಿತು. "ಕೊರಳಾಗಿಂದು ಕಾಣವಲ್ದೇನ್ರಿ? ಮಾಳಕರಿ ಮನಷ್ಯಾಗ ಏನ ಕೇಳಾಕತ್ತೀರಿ? ಒಂಬತ್ತ ವರ್ಷ ಆತು, ಮೀನಿನ ನೆಳ್ಳ ಬಿದ್ದಿಲ್ಲ ಇವನ ಮ್ಯಾಲ."

ಡಾಕ್ಟರರು ತಿಳಿದವರು. ಔಷಧ ತರಲು ಚೀಟಿ ಬರೆದು ಮುದುಕಿಯನ್ನು ಹೊರಗೆ ಕಳಿಸಿದರು. ಹಾಸಿಗೆಯ ಹತ್ತಿರ ಸ್ಟೂಲು ಎಳೆದು ಕೂತರು.

"ನೋಡಪಾ, ನಾ ನಿಮ್ಮ ಮನಿ ಮಾತ ಕೆದಕಾಕ ಕೇಳಾಕತ್ತಿಲ್ಲ. ಒಂದ ರೋಗ ಐತಿ, ಪುಸ್ತಕದಾಗ ಓದೀನಿ. ಕೆಲವು ಮೀನು ಬೇಯಿಸಿ ತಿಂದ ಮ್ಯಾಲ ಒಂದ ದಿನದಾಗ ಮೈಯಾಗಿನ ಸ್ನಾಯು ಒಡದು ರಕ್ತದಾಗ ಸೇರತಾವ. ಆ ಕಪ್ಪ ನೀರು ಅದ. ಅದು ಕಿಡ್ನಿ ಕೆಡಸತೈತಿ. ನೀ ಲಗೂನ ಬಂದಿ, ಸಲಾಯಿನ್ ಹೋಗಾಕತ್ತೈತಿ, ನೀ ಉಳೀತಿ. ನಿನ್ನ ಸಲುವಾಗಿ ಕೇಳಾಕತ್ತಿಲ್ಲ. ಆ ಮೀನಿನ ವಿಷ ಕುದಿಸಿದ್ರ ಹೋಗಂಗಿಲ್ಲ. ಒಂದ ಗಡಿಗ್ಯಾಗ ಎಷ್ಟ ಮಂದಿ ಉಂಡಿರತಾರೋ ಅವರಿಗೂ ಬರಬಹುದು. ಏನರ ಉಳದಿದ್ರ ಹೇಳು. ನನ್ನ ಕಂಪೌಂಡರನ ಹತ್ರ ಮೋಟರಸೈಕಲ್ ಐತಿ, ಈಗಿಂದೀಗ ಕಳಸ್ತೀನಿ."

ಇದಕ್ಕಿಂತ ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ಬಾಳಾಸಾಬನಿಗೆ ಎಲ್ಲ ತಿಳಿಯಿತು. ತಿಳಿಯಲಿಲ್ಲ ಅಂತ ಮುಂದೆ ಒಂದು ದಿನವೂ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ ಅವನಿಗೆ. ಗಡಿಗೆ ಕಣ್ಣ ಮುಂದೆ ಬಂತು. ನಾಳೆ ಮಧ್ಯಾಹ್ನ ಅಂದಿದ್ದಳು ಲಕ್ಕವ್ವ, ಈಗ ಹತ್ತು ಗಂಟೆ.

ಬಾಯಿ ತೆರೆದ. ಎದುರಿಗೆ ಸುಗಂಧಾ, ಅವಳ ತೊಡೆಯ ಮೇಲೆ ಐದು ವರ್ಷದ ಮಂಗಲ, ಅಪ್ಪನ ಕೈಗೆ ಚುಚ್ಚಿದ ಸೂಜಿಯನ್ನೇ ಹೆದರಿ ನೋಡುತ್ತಿದ್ದಳು. ಕೊಟ್ಟದ್ದ ತಿರಗಿ ತಗೊ ಅಂದ ತಾಯಿಯ ದನಿ ಅವನ ಕಿವಿಯಲ್ಲಿ ನಿನ್ನೆ ಮೊನ್ನೆಯದರ ಹಾಗೆ ಕೇಳಿತು. ಮೊಳೆಯ ಹತ್ತಿರ ಹಾಕಿದ ಲೆಕ್ಕವನ್ನೇ ತಿರುಗಿ ಹಾಕಿದ. ಹೇಳದಿದ್ದರೆ ಮಾಳ ಕೆಟ್ಟಿಲ್ಲ. ಹೇಳಿದ ಗಳಿಗೆಗೆ ಕೆಟ್ಟಿತು. ಕೆಟ್ಟರೆ ವಿಠ್ಠಲ ಮಗಳನ್ನು ತೆಗೆದುಕೊಳ್ಳುತ್ತಾನೆ. ಲಕ್ಕವ್ವನಿಗೆ ಆದರೂ ಆಗಬಹುದು, ಬಿಟ್ಟರೂ ಬಿಡಬಹುದು; ಮಂಗಲಳದು ಮಾತ್ರ ದೇವರ ಮುಂದೆ ಆಡಿದ ಮಾತು. ಹುಚ್ಚು ಲೆಕ್ಕ ಅನ್ನುತ್ತೀರಿ. ಒಂಬತ್ತು ವರ್ಷ ಆ ಸರ ಕೊರಳಿನಲ್ಲಿ ಹೊತ್ತವನಿಗೆ ಅದು ಹುಚ್ಚು ಅನ್ನಿಸಲಿಲ್ಲ.

"ಇಲ್ರಿ ಸಾಹೇಬ್ರ" ಅಂದ. "ನಾ ಮಾಳಕರಿ."

ಡಾಕ್ಟರರು ಅವನ ಮುಖವನ್ನು ಒಂದಷ್ಟು ಹೊತ್ತು ನೋಡಿ ಎದ್ದು ಹೋದರು.

ಆಮೇಲೆ ಬಾಳಾಸಾಬ ಗಡಿಯಾರ ನೋಡುತ್ತ ಮಲಗಿದ. ಹನ್ನೊಂದಾಯಿತು. ಕಂಪೌಂಡರ ಹೊರಗೆ ಮೋಟರಸೈಕಲ್ಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ, ಕಿಟಕಿಯಿಂದ ಕಾಣುತ್ತಿದ್ದ. ಹನ್ನೆರಡಾಯಿತು. ಕೂಗಿದರೆ ಕೇಳುವಷ್ಟು ಹತ್ತಿರ. ನಾಲಿಗೆ ಇತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ, ತುಟಿ ಅಷ್ಟು ಮರಗಟ್ಟಿತ್ತು. ರೋಗದ್ದೋ, ಅವನದೋ, ಯಾರು ಹೇಳಬೇಕು? ಒಂದು ಗಂಟೆ ಹೊಡೆಯಿತು. ಉಂಡಿರಬೇಕು ಅಂದುಕೊಂಡ. ಇನ್ನು ಹೇಳಿಯೂ ಉಪಯೋಗವಿಲ್ಲ ಅಂದುಕೊಂಡ. ಹಾಗೆ ಅಂದುಕೊಂಡ ಕೂಡಲೆ ಒಂದು ನಿರಾಳ ಬಂತು, ಆ ನಿರಾಳಕ್ಕೆ ಅವನಿಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆಯೂ ಆಗಲಿಲ್ಲ. ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ.

ಗುರುವಾರ ಮುಂಜಾನೆ ಲಕ್ಕವ್ವನಿಗೆ ಮೈ ಹಿಡಿಯಿತು. ಬಲೆ ಎಳೆದದ್ದಕ್ಕೆ ಬಂದ ನೋವು ಅಂದುಕೊಂಡಳಂತೆ. ವಾಯು ಅಂತ ನೆರೆಯವರು ಬಿಸಿ ಎಣ್ಣೆ ತಿಕ್ಕಿದರು. ನೀರಡಿಸಿದರೂ ವಾಂತಿ ಆದೀತು ಅಂತ ನೀರು ಕುಡಿಯಲಿಲ್ಲ. ಸಂಜೆಗೆ ಮೂತ್ರ ನಿಂತೇ ಹೋಯಿತು. ಹಾಲಸಿದ್ದ ಅವಳನ್ನು ಎತ್ತಿಕೊಂಡು ಅದೇ ದವಾಖಾನೆಗೆ ಬಂದಾಗ ಬಾಳಾಸಾಬನ ಪಕ್ಕದ ಹಾಸಿಗೆಯೇ ಖಾಲಿ ಇತ್ತು.

ಲಕ್ಕವ್ವ ಕಣ್ಣು ತೆರೆದು ಅವನನ್ನು ನೋಡಿದಳು. "ಅಣ್ಣಾ, ಆರಾಮ ಅದಿಯೇನು?" ಅಂದಳು. ಅಷ್ಟೇ. ಅವನು ತಲೆ ಆಡಿಸಿದ.

"ಏನ ಉಂಡಾಳ?" ಅಂದರು ಡಾಕ್ಟರರು.

"ಮೀನ್ರಿ" ಅಂದ ಹಾಲಸಿದ್ದ. "ನಿನ್ನೆ."

"ಮತ್ತ ಯಾರ ಉಂಡಾರ ಅದನ್ನ?"

ಹಾಲಸಿದ್ದನ ಕಣ್ಣು ಬಾಳಾಸಾಬನ ಮೇಲೆ ಹಾಯಿತು, ಅಲ್ಲಿಂದ ಕಾಲದೆಸೆಗೆ ಕೂತು ಜಪ ಮಾಡುತ್ತಿದ್ದ ತುಳಸವ್ವನ ಮೇಲೆ. ಒಂದು ಕ್ಷಣವೂ ತಡ ಮಾಡಲಿಲ್ಲ ಅವನು.

"ಯಾರೂ ಇಲ್ರಿ. ಆಕಿ ಒಬ್ಬಾಕೀನ."

ಡಾಕ್ಟರರು ಎರಡು ಹಾಸಿಗೆಗಳನ್ನೂ ನೋಡಿದರು. ಸಲಾಯಿನ್ ಹಚ್ಚಿ, ಚೀಟಿ ಬರೆದು, ಗಾಡಿ ಮಾಡಿ ಮಿರಜದ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ರಕ್ತ ತೊಳೆಯುವ ಯಂತ್ರಕ್ಕೆ ಹಚ್ಚಿದರಂತೆ. ಶನಿವಾರ ಮಧ್ಯಾಹ್ನ ಲಕ್ಕವ್ವ ತೀರಿಕೊಂಡಳು. ಅವಳಿಗೆ ಮೂವತ್ತಾರು ವರ್ಷ.

ಬಾಳಾಸಾಬನಿಗೆ ಸುದ್ದಿ ಹೇಳಿದವಳು ಸುಗಂಧಾ. ಅವನು ಅಳಲಿಲ್ಲ. ಆಘಾತ ಅಂದುಕೊಂಡರು ಮಂದಿ. ಹನ್ನೊಂದನೇ ದಿನಕ್ಕೆ ಕೋಲು ಹಿಡಿದು ಮನೆಗೆ ಬಂದ. ಮೂತ್ರ ತಿಳಿಯಾಗಿತ್ತು, ನೋವು ಹೋಗಿತ್ತು, ಮೈಯಲ್ಲಿ ಕಸುವು ಮಾತ್ರ ಅರ್ಧ ಉಳಿದಿತ್ತು. ಪಾದಗಳಲ್ಲಿ ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ, ರಕ್ತ ಕಂಡ ಮೇಲೆ ತಿಳಿಯುತ್ತಿತ್ತು. ಅದು ಆರು ತಿಂಗಳಿಗೆ ಸರಿಯಾಯಿತು. ಒಳಗಿನದು ಸರಿಯಾಗಲಿಲ್ಲ. ಊಟಕ್ಕೆ ರುಚಿ ಇರಲಿಲ್ಲ, ಎತ್ತುಗಳ ಜೊತೆ ಮಾತು ನಿಂತಿತು, ಮಂಗಲ ಬಂದು ಕೊರಳಿಗೆ ಜೋತುಬಿದ್ದರೆ ಕೈ ಎತ್ತಿ ಬೆನ್ನು ತಟ್ಟುತ್ತಿದ್ದ, ಆದರೆ ಆ ಕೈ ತಟ್ಟುತ್ತಿರುವುದನ್ನು ದೂರದಿಂದ ನೋಡುತ್ತಿರುವವನ ಹಾಗೆ ಇರುತ್ತಿದ್ದ.

ಇದರ ಮೇಲೆ ತುಳಸವ್ವ ಒಂದು ಕಥೆ ಕಟ್ಟಿದಳು. ಇಬ್ಬರಿಗೂ ಒಂದೇ ವಾರದಲ್ಲಿ ಒಂದೇ ರೋಗ ಬಂತು, ಮಾಳ ಇದ್ದವನು ಉಳಿದ, ಮೀನು ತಿಂದವಳು ಹೋದಳು. ಭಜನೆಯಲ್ಲಿ ಹೇಳಿದಳು, ಬಾವಿಯ ಹತ್ತಿರ ಹೇಳಿದಳು, ಪಾಲಬಾವಿಯಿಂದ ಬಂದ ಬೀಗರಿಗೆ ಹೇಳಿದಳು. ಕೇಳಿದವರು ಬಾಳಾಸಾಬನ ಕಾಲು ಮುಟ್ಟಿದರು. ಅವನ ಕಾರಣದಿಂದ ಊರಿನಲ್ಲಿ ಏಳು ಜನ ಹೊಸದಾಗಿ ಮಾಳ ಹಾಕಿಕೊಂಡರು. ಮರುವರ್ಷ ಪಂಢರಪುರಕ್ಕೆ ನಡೆಯುವ ದಿಂಡಿಯಲ್ಲಿ ವೀಣೆ ಹಿಡಿದು ಮುಂದೆ ನಡೆಯುವ ಮರ್ಯಾದೆ ಅವನ ಪಾಲಿಗೆ ಬಂತು. ಬೇಡ ಅಂದ. ಎಂಥ ವಿನಯ ಅಂತ ಇನ್ನೂ ಮೆಚ್ಚಿ, ಒತ್ತಾಯದಿಂದ ವೀಣೆಯನ್ನು ಅವನ ಕೈಗೇ ಕೊಟ್ಟರು. ಹೀಗೆ ನಾಲ್ಕು ವರ್ಷ ವೀಣೆ ಹೊತ್ತು ನಡೆದ. ದೇವರ ಮುಂದೆ ನಿಂತಾಗ ಬೇಡುವುದು ಏನೂ ಹೊಳೆಯುತ್ತಿರಲಿಲ್ಲ. ಹಿಂದಿನವರು ನೂಕಿದಾಗ ಮುಂದೆ ಸರಿಯುತ್ತಿದ್ದ.

ಹಾಲಸಿದ್ದ ಬಲೆ ಹಾಕುವುದು ಬಿಟ್ಟ. ದೋಣಿ ಬಿಡಲಿಲ್ಲ. ಮಕ್ಕಳಿಗೆ ತಾನೇ ರೊಟ್ಟಿ ಬಡಿದು ಹಾಕುತ್ತಿದ್ದ. ಬಾಳಾಸಾಬ ಕಂಡರೆ ಮೊದಲಿನ ಹಾಗೇ ಮಾತಾಡಿಸುತ್ತಿದ್ದ, ಆ ಮಂಗಳವಾರದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಬಾಳಾಸಾಬ ನದಿ ದಾಟುವ ಕೆಲಸಗಳನ್ನೇ ಕಡಿಮೆ ಮಾಡಿಕೊಂಡ.

ತೊಂಬತ್ತೆಂಟರ ಮಾಘದಲ್ಲಿ ತುಳಸವ್ವ ತೀರಿಕೊಂಡಳು. ಮೂರನೇ ದಿನ ಮುಂಜಾನೆ ಬೂದಿ ನದಿಗೆ ಬಿಡಬೇಕು. ಭಜನೆಯವರು, ಬೀಗರು, ಊರ ಮಂದಿ ದಂಡೆಯ ಮೇಲೆ ತಾಳ ಹಿಡಿದು ನಿಂತರು. ಬಾಳಾಸಾಬ ಗಡಿಗೆ ಎತ್ತಿಕೊಂಡು ಹಾಲಸಿದ್ದನ ದೋಣಿ ಹತ್ತಿದ. ನಡುನೀರಿಗೆ ಹೋಗಿ ಬೂದಿ ಬಿಟ್ಟ. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿ ಮುಳುಗಿತು. ಹಾಲಸಿದ್ದ ದೋಣಿ ತಿರುಗಿಸಲಿಲ್ಲ. ಹುಟ್ಟು ಮೇಲಕ್ಕೆತ್ತಿ ಅಡ್ಡ ಇಟ್ಟು ಕೂತ.

"ಬಾಳಾ, ನಿಮ್ಮವ್ವ ಇರೋ ತನಕಾ ಬಾಯಿ ಬಿಡಬಾರ್ದಂತ ಇದ್ನಿ. ಇವತ್ತ ಹೇಳತೀನಿ. ನಾ ನಿನ್ನ ಕ್ಷಮಾ ಕೇಳಬೇಕು."

ಬಾಳಾಸಾಬ ತಲೆ ಎತ್ತಿದ.

"ಆ ಮೀನ ನಾ ನಿನಗ ಕರದ ತಿನಸಿದ್ನಿ. ಅದೊಂದ. ಇನ್ನೊಂದು, ಡಾಕ್ಟರ ಕೇಳಿದಾಗ ಮತ್ತ ಯಾರೂ ಉಂಡಿಲ್ಲ ಅಂದ್ನಿ. ನಿನ್ನ ಹೆಸರ ಹೇಳಿದ್ರ ಇಬ್ಬರದೂ ಒಂದ ರೋಗ ಅಂತ ಅವರಿಗೆ ತಿಳೀತಿತ್ತು. ನಿನ್ನ ಉಳಿಸಿದ ಔಷಧಾನ ಆಕಿಗೂ ಕೊಡತಿದ್ರು. ನಿನ್ನ ಮಾಳ ಉಳಸಾಕ ಹೋಗಿ ನಾ ನನ್ನ ಹೇಣ್ತೀನ್ನ ಕೊಂದ್ನಿ." ಅವನು ನೀರಿನ ಕಡೆ ನೋಡುತ್ತಿದ್ದ. "ದಿನಾ ಅದ ಮಾತ, ಬಾಳಾ. ಹುಟ್ಟ ಹಾಕೂವಾಗ ಅದ, ರೊಟ್ಟಿ ಬಡಿಯೂವಾಗ ಅದ."

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಬಾಳಾಸಾಬನಿಗೆ ಅಷ್ಟು ರೂಢಿಯಾಗಿತ್ತು. ಆದರೆ ತಾನು ಹೊರಬೇಕಾದ ಹೆಣವನ್ನು ಇನ್ನೊಬ್ಬ ಐದು ವರ್ಷದಿಂದ ಹೊತ್ತು ತಿರುಗುತ್ತಿದ್ದಾನೆ ಎಂದು ಅವನಿಗೆ ಅಂದೇ ಗೊತ್ತಾದದ್ದು. ಮಗಳಿಗೆ ಹತ್ತು ವರ್ಷ, ದಂಡೆಯ ಮೇಲೆ ಅವ್ವನ ಸೆರಗು ಹಿಡಿದು ನಿಂತಿದ್ದಳು. ಅವಳ ಕಡೆ ಒಮ್ಮೆ ನೋಡಿದ. ಆದರೂ ಹೇಳಿದ.

"ನಿನ್ನದೇನೂ ತಪ್ಪಿಲ್ಲ ಸಿದ್ದಾ. ಡಾಕ್ಟರಿಗೆ ಮೊದಲ ತಿಳದಿತ್ತು. ನನ್ನ ಕೇಳಿದ್ರು. ಮೀನ ತಿಂದೀಯೇನು, ಗಡಿಗ್ಯಾಗ ಉಳದೈತೇನು, ಹೇಳು, ಮೋಟರಸೈಕಲ್ ಕಳಸ್ತೀನಿ ಅಂದ್ರು. ನಾ ಇಲ್ಲ ಅಂದ್ನಿ."

"ಯಾವಾಗ?"

"ಬುಧವಾರ. ಮುಂಜಾನಿ ಹತ್ತಕ್ಕ."

ದೋಣಿ ತಾನಾಗಿ ಸ್ವಲ್ಪ ಕೆಳಗೆ ಹರಿಯಿತು. ಹುಟ್ಟಿನಿಂದ ಹೊಡೆಯುತ್ತಾನೆ ಅಂದುಕೊಂಡ ಬಾಳಾಸಾಬ, ಹೊಡೆದರೆ ಒಳ್ಳೆಯದಿತ್ತು ಅಂದುಕೊಂಡ.

"ಹನ್ನೆರಡಕ್ಕ ಉಣ್ಣಾಕ ಕುಂತಿದ್ಲು ಆಕಿ" ಅಂದ ಹಾಲಸಿದ್ದ. ದನಿಯಲ್ಲಿ ಏರಿಳಿತ ಇರಲಿಲ್ಲ. "ಗಂಗಾಳಕ್ಕ ಹಾಕ್ಕೊಂಡಿದ್ಲು. ಯಾರೋ ಬಂದು, ಬಾಳಾಸಾಬನ ಮನಿ ಬಾಗಲಾ ಹಾಕೇತಿ, ಎಲ್ಲಾರೂ ದವಾಖಾನಿಗೆ ಹೋಗ್ಯಾರ, ಎಮ್ಮಿ ಒದರ ಒದರ ಸಾಯಾಕತ್ತೈತಿ ಅಂದ್ರು. ಹಾಕಿದ್ದ ಮೀನ ತಿರಗಿ ಗಡಿಗಿಗೆ ಹಾಕಿ ಎದ್ದ ಹೋದ್ಲು. ನಿಮ್ಮ ಎಮ್ಮಿಗೆ ಮೇವ ಹಾಕಿ, ನೀರ ಕುಡಿಸಿ, ಹಾಲ ಹಿಂಡಿ, ಶಗಣಿ ಬಳದ ಬಂದ್ಲು. ಉಂಡಾಗ ಮೂರ ಹೊಡದಿತ್ತು."

ಒಂದು ಗಂಟೆಗೆ ಕಣ್ಣು ಮುಚ್ಚಿಕೊಂಡಿದ್ದನಲ್ಲ ಬಾಳಾಸಾಬ. ಆಮೇಲೂ ಎರಡು ತಾಸು ಇತ್ತು. ಕಾಗವಾಡದಿಂದ ಊರಿಗೆ ಮೋಟರಸೈಕಲ್ಲಿನ ಮೇಲೆ ಅರ್ಧ ತಾಸು ಸಾಕು.

ಅವನ ಗಂಟಲಿನಿಂದ ಒಂದು ದನಿ ಬಂತು, ಅದು ತನ್ನದು ಅಂತ ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಹಿಡಿಯಿತು. ದೋಣಿಯ ತಳಕ್ಕೆ ಕುಸಿದು, ಖಾಲಿ ಗಡಿಗೆಯನ್ನು ಎದೆಗೆ ಒತ್ತಿ ಹಿಡಿದು ಅತ್ತ. ಐದು ವರ್ಷದಿಂದ ಬಾರದ್ದು ಬಂತು. ದಂಡೆಯ ಮೇಲೆ ತಾಳ ನಿಂತವು. ಎಲ್ಲರೂ ಕತ್ತು ಎತ್ತಿ ಈ ಕಡೆ ನೋಡತೊಡಗಿದರು.

ಹಾಲಸಿದ್ದ ಎದ್ದು ಹುಟ್ಟು ನೀರಿಗೆ ಹಾಕಿದ. ಅವನ ಕಡೆ ನೋಡಲಿಲ್ಲ.

"ಅಳು" ಅಂದ. "ತಾಯಿ ಸಲುವಾಗಿ ಅಳಾಕತ್ತಾನಂತ ತಿಳಕೋತಾರ ಮಂದಿ."

ದಂಡೆಯ ಮಂದಿ ಹಾಗೇ ತಿಳಿದುಕೊಂಡರು.